ಬೇಲಿ ಸಾಲಿನ ಬಿಳಿ ಹೂವು ಯಾವುದು? ಡೆವನ್‌ನಲ್ಲಿ ಅಮ್ಮನ ಜೊತೆ ಹೋದ ಗಿಡ ಗುರುತಿಸುವ ನಡಿಗೆ

ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಇದ್ದು, ಬೇಸಿಗೆಗೆ ಊರಿಂದ ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಕರೆಸಿಕೊಳ್ಳುವ ಕನ್ನಡದವರು ಇಂಥ ಒಂದು ನಡಿಗೆಗೆ ಅವರನ್ನು ಕರೆದುಕೊಂಡು ಹೋಗಲೇಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೂ ಬೇಗ ಹೋಗಬೇಕು. ಮೂರು ಗಂಟೆ, ಒಬ್ಬರಿಗೆ 35 ಪೌಂಡ್. ಡೆವನ್ ಜಿಲ್ಲೆಯ ಎಕ್ಸೆಟರ್ ಊರಿನಿಂದ ಸ್ವಲ್ಪ ಹೊರಗೆ, ಒಂದು ಹಳ್ಳಿಯ ಓಣಿಯಲ್ಲಿ ಶುರುವಾಗಿ ಹಳ್ಳದ ದಂಡೆಯಲ್ಲಿ ಮುಗಿಯುತ್ತದೆ. ನಡೆಸುವವರು ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರು, ಒಬ್ಬ ಹಿರಿಯ ಹೆಂಗಸು. ಅವರಿಗೆ ಹೆಸರು ಹಾಕಿಸಿಕೊಳ್ಳುವುದು ಇಷ್ಟ ಇಲ್ಲ, ಅದಕ್ಕೆ ನಾನೂ ಮೇಡಂ ಅಂತಲೇ ಬರೆಯುತ್ತೇನೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇಲ್ಲಿ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಓಣಿಗಳ ಎರಡೂ ಕಡೆ ಸೊಂಟದೆತ್ತರಕ್ಕೆ ಬಿಳಿ ಹೂವು ತುಂಬಿಕೊಳ್ಳುತ್ತದೆ. ಡೆವನ್‌ನ ಬೇಲಿ ಅಂದರೆ ಬರೀ ಗಿಡದ ಸಾಲಲ್ಲ. ಮಣ್ಣು ಕಲ್ಲು ಸೇರಿಸಿ ಕಟ್ಟಿದ ದಿಬ್ಬ, ಅದರ ಮೇಲೆ ಪೊದೆ. ನಮ್ಮ ಕಡೆ ಅಗಳಿನ ಪಕ್ಕ ಎತ್ತಿದ ದರೆ ಇರುತ್ತಲ್ಲ, ಆ ತರ. ಆ ದಿಬ್ಬದ ತುಂಬ ಕೊತ್ತಂಬರಿ ಸೊಪ್ಪಿನ ಎಲೆ, ಸಬ್ಬಸಿಗೆಯಂಥ ಕೊಡೆ ಕೊಡೆ ಹೂವು. ತೀರ್ಥಹಳ್ಳಿ ಕಡೆಯ ನನ್ನ ಅಮ್ಮ ಮಳೆಗಾಲ ಬಂತು ಅಂದರೆ ಚಗಟೆ ಸೊಪ್ಪು, ಕೆಸು, ಒಂದೆಲಗ ಎಲ್ಲ ಹಿತ್ತಿಲಿಂದ, ಗದ್ದೆ ಬದುವಿಂದ ಕುಯ್ದು ತಂದು ಅಡುಗೆ ಮಾಡುವವರು. ಅವರಿಗೆ ಇದನ್ನು ನೋಡಿ ಕೈ ಸುಮ್ಮನಿರುತ್ತದಾ? ಬಂದ ಮೊದಲ ವಾರವೇ ಓಣಿಯಲ್ಲಿ ನಿಂತು, "ಇಷ್ಟೊಂದು ಸೊಪ್ಪು ಬಿದ್ದಿದೆ, ಯಾರೂ ಕುಯ್ಯಲ್ವೇನೇ?" ಅಂದರು.

ಆ ಬಿಳಿ ಹೂವಿನ ಗಿಡಗಳಲ್ಲಿ ಕೆಲವು ನಿರುಪದ್ರವಿ. ಕೆಲವು ಚರ್ಮ ಸುಡುತ್ತವೆ. ಎರಡಂತೂ ಆಳನ್ನೇ ಕೊಲ್ಲುತ್ತವೆ. ಎಲ್ಲವೂ ಒಂದೇ ಕ್ಯಾರೆಟ್ ಕುಟುಂಬ, ಮುಖ ನೋಡಿದರೆ ಎಲ್ಲ ಒಂದೇ ತರ. "ಮುಟ್ಟಬೇಡಮ್ಮ" ಅಂತ ನಾನು ಹೇಳಬಹುದಿತ್ತು. ಆದರೆ ಜೀವಮಾನವಿಡೀ ಸೊಪ್ಪು ಗುರುತಿಸಿದವರಿಗೆ ಬರೀ ಬೇಡ ಅಂದರೆ ಸಾಲುವುದಿಲ್ಲ. ಯಾಕೆ ಬೇಡ, ಯಾವುದು ಬೇಡ ಅಂತ ಕಣ್ಣಿಗೆ ತೋರಿಸಬೇಕು. ಅದನ್ನು ಈ ನಡಿಗೆ ಚೆನ್ನಾಗಿ ಮಾಡಿತು.

ಜೂನ್ ಎರಡನೇ ವಾರ ಇಟ್ಟುಕೊಂಡಿದ್ದರು. ದಿನ ಆರಿಸಿದ್ದರಲ್ಲೇ ಮೇಡಂ ಅವರ ಅನುಭವ ಕಾಣುತ್ತದೆ. ಆ ಹೊತ್ತಿಗೆ, ಈ ಬಿಳಿ ಹೂವಿನ ಗಿಡಗಳಲ್ಲಿ ಒಂದಾದ ಕೌ ಪಾರ್ಸ್ಲಿಯ ಹೂವು ಮುಗಿದು ಕಾಯಿ ಕಟ್ಟಿರುತ್ತದೆ, ಅಲ್ಲೊಂದು ಇಲ್ಲೊಂದು ಹೂವು ಉಳಿದಿರುತ್ತದೆ. ಅದರ ಜಾಗಕ್ಕೆ ರಫ್ ಚರ್ವಿಲ್ ಹೂವು ಬಿಟ್ಟಿರುತ್ತದೆ. ಹೆಮ್‌ಲಾಕ್ ಆಗಷ್ಟೇ ಬಿರಿಯುತ್ತಿರುತ್ತದೆ. ಹಾಗ್‌ವೀಡ್ ಶುರು. ಹಳ್ಳದ ಹತ್ತಿರ ವಾಟರ್ ಡ್ರಾಪ್‌ವರ್ಟ್ ಪೂರ್ತಿ ಹೂವಲ್ಲಿ. ಐದನ್ನೂ ಒಂದೇ ಬೆಳಿಗ್ಗೆ ಪಕ್ಕಪಕ್ಕ ನೋಡಲು ಇದಕ್ಕಿಂತ ಒಳ್ಳೆ ವಾರ ಸಿಗುವುದು ಕಷ್ಟ. ಮೇ ತಿಂಗಳಲ್ಲಿ ಹೋದರೆ ಹೂವಿನ ಅಂದ ಜಾಸ್ತಿ, ಆದರೆ ಕಲಿಯುವುದು ಕಡಿಮೆ.

ಶುರುವಾಗಿದ್ದು ಓಣಿಯಲ್ಲಿ ಅಲ್ಲ, ಹಳ್ಳಿಯ ಸಭಾಭವನದ ಹೊರಗಿನ ಮೇಜಿನ ಹತ್ತಿರ. ಎಲ್ಲರಿಗೂ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಚಿಕ್ಕ ಭೂತಗನ್ನಡಿ ಕೊಟ್ಟರು, ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವಂಥದ್ದು. ಅಮ್ಮ ಅದನ್ನು ಪಂಚಾಂಗ ಓದುವ ಹಾಗೆ ದೂರ ಹಿಡಿದರು. ಮೇಡಂ ಬಂದು, ಗಾಜನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ನೋಡಬೇಕಾದ ವಸ್ತುವನ್ನು ಗಾಜಿನ ಹತ್ತಿರ ತರಬೇಕು ಅಂತ ತೋರಿಸಿಕೊಟ್ಟರು. ಆಮೇಲೆ ಮೇಜಿನ ಮೇಲೆ ಚಿಕ್ಕ ಚಿಕ್ಕ ಡಬ್ಬಿ ಇಟ್ಟರು. ಒಳಗೆ ಏನಿತ್ತು ಗೊತ್ತಾ? ಜೀರಿಗೆ, ಕೊತ್ತಂಬರಿ ಬೀಜ, ಓಮದ ಕಾಳು, ಸೋಂಪು!

ಅಮ್ಮನ ಮುಖ ಅರಳಿತು. ಅಲ್ಲಿದ್ದವರಲ್ಲಿ ಆ ನಾಲ್ಕಕ್ಕೂ ಕಣ್ಣು ಮುಚ್ಚಿ ಹೆಸರು ಹೇಳಬಲ್ಲವರು ಅಮ್ಮ ಒಬ್ಬರೇ. ಆದರೆ ಗಾಜಿನಲ್ಲಿ ನೋಡಿದ್ದು ಅವರಿಗೂ ಹೊಸದು. ಜೀರಿಗೆಯ ಮೈಮೇಲೆ ಉದ್ದಕ್ಕೆ ಏಣುಗಳು, ಏಣಿನ ಮೇಲೆ ಸಣ್ಣ ಸಣ್ಣ ರೋಮ. ಓಮದ ಕಾಳಿನ ಮೈ ಪೂರಾ ಬೊಕ್ಕೆ ಬೊಕ್ಕೆ. ಕೊತ್ತಂಬರಿ ಬೀಜ ಅಂದರೆ ಎರಡು ಅರ್ಧ ಅಂಟಿಕೊಂಡ ಗುಂಡು, ಮೇಲೆ ಒಂದು ಗೆರೆ ನೆಟ್ಟಗೆ, ಒಂದು ಗೆರೆ ಅಂಕುಡೊಂಕು. ನಾವು ಒಗ್ಗರಣೆಗೆ ಹಾಕುವ ಇವೆಲ್ಲ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೀಜವಲ್ಲ, ಒಣಗಿದ ಹಣ್ಣು. ಪ್ರತಿ ಹಣ್ಣೂ ಎರಡು ಹೋಳಾಗುತ್ತದೆ, ಪ್ರತಿ ಹೋಳಿನ ಮೇಲೂ ಏಣು ಇರುತ್ತದೆ. ಆ ಏಣಿನ ಆಕಾರವೇ ಈ ಕುಟುಂಬದ ಗಿಡಗಳ ಆಧಾರ್ ಕಾರ್ಡು. 1672ರಲ್ಲೇ ಆಕ್ಸ್‌ಫರ್ಡಿನ ರಾಬರ್ಟ್ ಮಾರಿಸನ್ ಅನ್ನುವವರು ಈ ಒಂದು ಕುಟುಂಬದ ಬಗ್ಗೆಯೇ ಇಡೀ ಪುಸ್ತಕ ಬರೆದು, ಹಣ್ಣು ನೋಡಿ ಗಿಡಗಳನ್ನು ವಿಂಗಡಿಸಿದರಂತೆ. ಮೇಡಂ ಇದನ್ನು ಹೇಳಿ, "ಹೂವು ನಿಮಗೆ ಏನೂ ಹೇಳುವುದಿಲ್ಲ. ಇವತ್ತು ಹೂವನ್ನು ಮರೆತುಬಿಡಿ" ಅಂದರು. ಅದನ್ನು ಕನ್ನಡಕ್ಕೆ ಮಾಡಿ ಅಮ್ಮನಿಗೆ ಹೇಳಿದೆ. ಅಮ್ಮ ತಲೆಯಾಡಿಸಿ, ಇಂಗೂ ಇದೇ ಜಾತಿನಾ ಅಂತ ಕೇಳಲು ಹೇಳಿದರು. ಹೌದು, ಇಂಗು ಕೊಡುವ ಗಿಡವೂ ಇದೇ ಕುಟುಂಬ. ಸಬ್ಬಸಿಗೆ ಕೂಡ. ನಮ್ಮ ತಂಬುಳಿಯ ಒಂದೆಲಗ ಸಹ! ಒಂದೆಲಗದ ಎಲೆ ನೋಡಿದರೆ ಯಾರಿಗೂ ಹಾಗನ್ನಿಸುವುದಿಲ್ಲ.

ಈ ಅರ್ಧ ಗಂಟೆಯೇ ಇಡೀ ನಡಿಗೆಯ ತಳಪಾಯ ಅಂತ ನನ್ನ ಅಭಿಪ್ರಾಯ. ಅಡುಗೆಮನೆಯಲ್ಲಿ ಗೊತ್ತಿರುವುದರಿಂದ ಶುರು ಮಾಡಿದ್ದಕ್ಕೆ ಅಮ್ಮನಂಥವರಿಗೆ ತಾವು ಹೊರಗಿನವರು ಅನ್ನಿಸಲಿಲ್ಲ.

ಓಣಿಗೆ ಇಳಿದ ಮೇಲೆ ಮೊದಲು ಕೌ ಪಾರ್ಸ್ಲಿ. ಸಸ್ಯಶಾಸ್ತ್ರದವರ ಹೆಸರು ಆಂಥ್ರಿಸ್ಕಸ್ ಸಿಲ್ವೆಸ್ಟ್ರಿಸ್. ವಸಂತದಲ್ಲಿ ಇಂಗ್ಲೆಂಡಿನ ಓಣಿಗಳನ್ನು ಬೆಳ್ಳಗೆ ಮಾಡುವುದು ಬಹುತೇಕ ಇದೇ. ಮೇಡಂ ಕಲಿಸಿದ ಕ್ರಮ ಹೀಗೆ: ಕೆಳಗಿಂದ ಮೇಲಕ್ಕೆ ನೋಡಬೇಕು. ಕಾಂಡ ಮುಟ್ಟಿದರೆ ಉದ್ದಕ್ಕೆ ಗೀರು ಗೀರು, ಬುಡದ ಕಡೆ ಸಣ್ಣ ರೋಮ. ಕೆಲವು ಕಾಂಡ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ, ಆದರೆ ಒಂದೇ ಸಮ ತಿರುಗಿರುತ್ತದೆ, ಚುಕ್ಕೆ ಇರುವುದಿಲ್ಲ. ಎಲೆಯ ತೊಟ್ಟನ್ನು ಅಡ್ಡ ಕತ್ತರಿಸಿ ನೋಡಿದರೆ ಮೇಲೆ ಕಾಲುವೆಯಂತೆ ಒಂದು ತಗ್ಗು. ಆಮೇಲೆ ಕೊಡೆಯ ಕಡ್ಡಿಗಳೆಲ್ಲ ಸೇರುವ ಜಾಗ. ಅಲ್ಲಿ, ದೊಡ್ಡ ಕೊಡೆಯ ಬುಡದಲ್ಲಿ, ಚಿಕ್ಕ ಎಲೆಗಳು ಇವೆಯೋ ಇಲ್ಲವೋ ನೋಡಬೇಕು. ಕೌ ಪಾರ್ಸ್ಲಿಗೆ ಅಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ದೊಡ್ಡ ಕೊಡೆಯೊಳಗಿನ ಮರಿ ಕೊಡೆಗಳ ಬುಡದಲ್ಲಿ ಮಾತ್ರ ಪುಟ್ಟ ಎಲೆಗಳು, ಅಂಚಿಗೆ ರೋಮ. ಕೊನೆಗೆ ಹಣ್ಣು: ಉದ್ದ, ನಯ, ಏಣಿಲ್ಲ, ತುದಿಗೆ ಚಿಕ್ಕ ಕೊಕ್ಕು. ಹಣ್ಣಾದಾಗ ಕಪ್ಪು ಕಂದು.

ಒಂದು ಗಿಡದ ಮುಂದೆ ಇಪ್ಪತ್ತು ನಿಮಿಷ ನಿಂತೆವು. ಗುಂಪಿನಲ್ಲಿ ಒಂದಿಬ್ಬರಿಗೆ ಬೇಜಾರಾಯಿತು ಅಂತ ಕಾಣುತ್ತದೆ, ಫೋನು ತೆಗೆದರು. ನನಗೆ ಆ ಇಪ್ಪತ್ತು ನಿಮಿಷ ಬೇಕಿತ್ತು. ಒಂದು ಗಿಡ ಪೂರ್ತಿ ಗೊತ್ತಾದರೆ ಉಳಿದದ್ದನ್ನು ಅದಕ್ಕೆ ಹೋಲಿಸಬಹುದು.

ಎರಡನೆಯದಕ್ಕೆ ಬಂದಾಗ ಅದು ಗೊತ್ತಾಯಿತು. ಹತ್ತು ಹೆಜ್ಜೆ ಮುಂದೆ, ಅದೇ ಎತ್ತರ, ಅದೇ ಬಿಳಿ ಹೂವು. ಮೇಡಂ ಏನೂ ಹೇಳದೆ ನಿಂತರು. ಅಮ್ಮ ಬಗ್ಗಿ ಕಾಂಡ ನೋಡಿ, "ಇದಕ್ಕೆ ಚುಕ್ಕೆ ಇದೆ ಕಣೆ. ರೋಮಾನೂ ಇದೆ, ಗಂಟಿನ ಹತ್ತಿರ ಊದಿಕೊಂಡಿದೆ. ಇದು ಅದಲ್ಲ" ಅಂದರು. ಅದು ರಫ್ ಚರ್ವಿಲ್. ಗಂಟಿನ ಕೆಳಗೆ ದಪ್ಪ, ನೇರಳೆ ಚುಕ್ಕೆ, ಮೈತುಂಬ ಒರಟು ರೋಮ. ಇದೂ ತಿನ್ನುವಂಥದ್ದಲ್ಲ, ವಿಷವೇ. ಅಮ್ಮ ಇದನ್ನು ಗುರುತಿಸಿದ್ದು ನೋಡಿ ನನಗೆ ಆಶ್ಚರ್ಯ ಆಗಲಿಲ್ಲ. ಯಾವ ಕೆಸು ಗಂಟಲು ತುರಿಸುತ್ತದೆ, ಯಾವುದು ತುರಿಸುವುದಿಲ್ಲ ಅಂತ ದಂಟಿನ ಬಣ್ಣ ನೋಡಿ ಹೇಳುವವರಿಗೆ ಈ ಕಣ್ಣು ಮೊದಲೇ ಇರುತ್ತದೆ. ಬೇಕಿದ್ದದ್ದು ಇಲ್ಲಿಯ ಗಿಡಗಳ ಗುರುತು ಮಾತ್ರ.

ಇಲ್ಲಿ ಮೇಡಂ ಒಂದು ಒಳ್ಳೆ ಕೆಲಸ ಮಾಡಿದರು. ಫೋನಿನಲ್ಲಿ ಗಿಡ ಗುರುತಿಸುವ ಆಪ್ ಇರುವವರೆಲ್ಲ ಆ ಒಂದೇ ರಫ್ ಚರ್ವಿಲ್ ಗಿಡದ ಫೋಟೋ ತೆಗೆಯಿರಿ ಅಂದರು. ಎಲ್ಲರೂ ಸಹಜವಾಗಿ ಹೂವಿನ ಫೋಟೋ ತೆಗೆದರು. ಒಬ್ಬರ ಫೋನು ಕೌ ಪಾರ್ಸ್ಲಿ ಅಂತು. ಇನ್ನೊಬ್ಬರದು ಹೆಮ್‌ಲಾಕ್ ಅಂತು. ಒಂದು ಸರಿಯಾಗಿ ಹೇಳಿತು. ಮೇಡಂ ಆಪ್‌ಗಳನ್ನು ಬೈಯಲಿಲ್ಲ. ಕಾಂಡ, ಎಲೆ, ಕೊಡೆಯ ಬುಡ, ಹಣ್ಣು ಎಲ್ಲದರ ಫೋಟೋ ಕೊಟ್ಟರೆ ಉತ್ತರ ಸುಧಾರಿಸುತ್ತದೆ, ಆದರೂ ಅದು ಹುಡುಕಲು ಒಂದು ದಾರಿ ಅಷ್ಟೇ, ಬಾಯಿಗೆ ಹಾಕಲು ಅನುಮತಿ ಅಲ್ಲ ಅಂದರು. ಮಾರ್ಚ್ ತಿಂಗಳಲ್ಲಿ ಹೂವೇ ಇಲ್ಲದೆ ಬರೀ ಎಳೆ ಎಲೆ ಇರುವಾಗ ಅನುಭವಸ್ಥರೇ ತಡವರಿಸುತ್ತಾರಂತೆ. ಎಳೆ ಸೊಪ್ಪು ಕುಯ್ಯುವವರು ನೋಡುವುದು ಆ ಹಂತದ ಗಿಡವನ್ನೇ ಅಲ್ವಾ? ಇದು ನನಗೆ ತುಂಬ ಮುಖ್ಯ ಅನ್ನಿಸಿತು.

ಹೆಮ್‌ಲಾಕ್ ಓಣಿ ಮುಗಿದು ಹೊಲದ ಗೇಟಿನ ಹತ್ತಿರ ಇತ್ತು, ಕೆದಕಿದ ಮಣ್ಣಿನ ಮೇಲೆ. ಕೋನಿಯಂ ಮ್ಯಾಕುಲೇಟಮ್. ಆಗಲೇ ನನ್ನ ತಲೆಗಿಂತ ಎತ್ತರ. ಎರಡು ಮೀಟರಿಗಿಂತ ಮೇಲೆ ಹೋಗುತ್ತದೆ. ಎಲೆ ನೋಡಲು ಇದೇ ಎಲ್ಲಕ್ಕಿಂತ ಚೆಂದ, ಜರಿಗಿಡದ ಹಾಗೆ ನಾಜೂಕು. ಕಾಂಡ ಪೂರ್ತಿ ನುಣುಪು, ಒಂದು ರೋಮ ಇಲ್ಲ, ಮೇಲೆ ದ್ರಾಕ್ಷಿ ಹಣ್ಣಿನ ಮೇಲಿರುವಂಥ ಬೂದಿ. ಅದರ ಮೇಲೆ ಕಡುನೇರಳೆ ಮಚ್ಚೆಗಳು. ಬುಡದಲ್ಲಿ ಜಾಸ್ತಿ, ಮೇಲೆ ಕಡಿಮೆ. ಎಲ್ಲ ಗಿಡದಲ್ಲೂ ಮಚ್ಚೆ ಅಷ್ಟು ಎದ್ದು ಕಾಣುವುದಿಲ್ಲ, ಹಾಗಾಗಿ ಮಚ್ಚೆ ಒಂದನ್ನೇ ನಂಬಬೇಡಿ ಅಂದರು. ಚುಕ್ಕೆಯೂ ರೋಮವೂ ಇದ್ದರೆ ಚರ್ವಿಲ್. ಮಚ್ಚೆ ಇದ್ದು ಮೈ ನುಣುಪಾಗಿದ್ದರೆ ಹೆಮ್‌ಲಾಕ್. ಮರಿ ಕೊಡೆಗಳ ಬುಡದ ಪುಟ್ಟ ಎಲೆಗಳು ಇದರಲ್ಲಿ ಸುತ್ತಲೂ ಇರುವುದಿಲ್ಲ, ಹೊರಗಡೆಯ ಒಂದೇ ಪಕ್ಕ ಇರುತ್ತವೆ. ಭೂತಗನ್ನಡಿಯಲ್ಲಿ ಅದನ್ನು ಕಂಡಾಗ ನಿಜವಾಗಲೂ ಖುಷಿಯಾಯಿತು. ಹಣ್ಣು ಇನ್ನೂ ಬಲಿತಿರಲಿಲ್ಲ. ಕಳೆದ ವರ್ಷದ ಒಣ ಹಣ್ಣನ್ನು ಮೇಡಂ ಮುಚ್ಚಿದ ಗಾಜಿನ ಸೀಸೆಯಲ್ಲಿ ತಂದಿದ್ದರು. ಗುಂಡಗೆ, ಮೂರು ಮಿಲಿಮೀಟರಿನಷ್ಟು, ಏಣುಗಳೆಲ್ಲ ಅಲೆ ಅಲೆ. ನಯವಾದ ಉದ್ದನೆಯ ಕೌ ಪಾರ್ಸ್ಲಿ ಹಣ್ಣಿನ ಪಕ್ಕ ಇಟ್ಟರೆ ಮಗುವೂ ಬೇರೆ ಮಾಡುತ್ತದೆ.

ಕೈಗವಸು ಹಾಕಿಕೊಂಡು ಒಂದು ಎಲೆ ಹಿಸುಕಿ ಎಲ್ಲರಿಗೂ ದೂರದಿಂದ ವಾಸನೆ ತೋರಿಸಿದರು. ಅಮ್ಮ ಕೂಡಲೇ ಮೂಗು ಮುಚ್ಚಿದರು. "ಅಟ್ಟದಲ್ಲಿ ಇಲಿ ಗೂಡು ಕಟ್ಟಿದ ವಾಸನೆ." ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಮೇಡಂ ಕೈ ತಟ್ಟಿದರು. ಇಲ್ಲಿಯವರೂ ಅದನ್ನು ಇಲಿಯ ವಾಸನೆ ಅಂತಲೇ ಹೇಳುತ್ತಾರಂತೆ!

ವಿಷದ ಬಗ್ಗೆ ಚಿಕ್ಕದಾಗಿ, ಸ್ಪಷ್ಟವಾಗಿ ಹೇಳಿದರು. ಹೆಮ್‌ಲಾಕ್‌ನಲ್ಲಿ ಕೋನೀನ್ ಅನ್ನುವ ವಿಷ ಇದೆ. ಬೇರಿನಿಂದ ಬೀಜದವರೆಗೆ ಎಲ್ಲ ಭಾಗವೂ ಅಪಾಯ. ಕಾಲಿನಿಂದ ಶುರುವಾಗಿ ಸ್ನಾಯುಗಳು ಒಂದೊಂದಾಗಿ ಸೋಲುತ್ತವೆ, ಕೊನೆಗೆ ಉಸಿರಾಟ ನಿಲ್ಲುತ್ತದೆ. ಕ್ರಿ.ಪೂ. 399ರಲ್ಲಿ ಅಥೆನ್ಸ್‌ನಲ್ಲಿ ಸಾಕ್ರೆಟಿಸ್‌ಗೆ ಕುಡಿಸಿದ್ದು ಇದನ್ನೇ. ಹೆದರಿಸುವ ಹಾಗೆ ಹೇಳಲಿಲ್ಲ, ಮುಚ್ಚಿಟ್ಟೂ ಹೇಳಲಿಲ್ಲ. ಮಕ್ಕಳು ಟೊಳ್ಳು ಕಾಂಡವನ್ನು ಪೀಪಿ ಮಾಡಿ ಊದುವುದು ಬೇಡವೇ ಬೇಡ ಅಂತ ಎರಡು ಸಲ ಹೇಳಿದರು. ನಮ್ಮ ಮಕ್ಕಳು ಪಪ್ಪಾಯಿ ಎಲೆಯ ದಂಟಿನಲ್ಲಿ ಪೀಪಿ ಊದುತ್ತಾರಲ್ಲ, ಅಜ್ಜಿಯರು ಇಲ್ಲಿ ಮೊಮ್ಮಕ್ಕಳಿಗೆ ಅದನ್ನೇ ಹೇಳಿಕೊಡಬಹುದು. ಅದಕ್ಕೇ ಇದನ್ನು ಬಿಡಿಸಿ ಬರೆದೆ.

ಹಾಗ್‌ವೀಡ್‌ಗೆ ಹತ್ತು ನಿಮಿಷ. ಅದನ್ನು ಗುರುತಿಸುವುದು ಸುಲಭ. ಅಗಲ ಒರಟು ಎಲೆ, ಮುಳ್ಳಿನಂಥ ರೋಮದ ದಪ್ಪ ಕಾಂಡ, ದೊಡ್ಡ ಕೊಡೆ. ಹಣ್ಣು ಚಪ್ಪಟೆ, ಮೇಲೆ ನಾಲ್ಕು ಕಂದು ಗೆರೆ. ಆ ಗೆರೆಗಳು ಎಣ್ಣೆಯ ನಾಳಗಳು. ಇದರ ರಸ ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಬೊಬ್ಬೆ ಏಳಬಹುದು. ಇದರ ದೊಡ್ಡಣ್ಣ ಜೈಂಟ್ ಹಾಗ್‌ವೀಡ್, ಕಾಕಸಸ್ ಬೆಟ್ಟಗಳಿಂದ 19ನೇ ಶತಮಾನದಲ್ಲಿ ತೋಟದ ಅಲಂಕಾರಕ್ಕೆ ತಂದದ್ದು, ಈಗ ನದಿ ದಂಡೆಗಳಲ್ಲಿ ಹಬ್ಬಿದೆ. ಐದು ಮೀಟರ್‌ವರೆಗೂ ಬೆಳೆಯುತ್ತದೆ, ಸುಡುವುದೂ ಅಷ್ಟೇ ಜೋರು. ನಾವು ಹೋದ ಕಡೆ ಅದು ಇರಲಿಲ್ಲ, ಚಿತ್ರ ತೋರಿಸಿದರು.

ನಾನು ಈ ನಡಿಗೆಗೆ ಹೋಗಿದ್ದೇ, ಅಮ್ಮನನ್ನು ಕರೆದುಕೊಂಡು ಹೋಗಿದ್ದೇ ಹಳ್ಳದ ದಂಡೆಯ ಭಾಗಕ್ಕೋಸ್ಕರ. ನಮ್ಮವರಿಗೆ ಎಲ್ಲಕ್ಕಿಂತ ಅಪಾಯದ ಗಿಡ ಇರುವುದು ಅಲ್ಲಿ. ಹೆಮ್‌ಲಾಕ್ ವಾಟರ್ ಡ್ರಾಪ್‌ವರ್ಟ್, ಈನಾಂಥೆ ಕ್ರೊಕೇಟಾ. ಬ್ರಿಟನ್ನಿನ ದಕ್ಷಿಣ ಮತ್ತು ಪಶ್ಚಿಮದ ಒದ್ದೆ ಜಾಗಗಳಲ್ಲಿ ಧಾರಾಳವಾಗಿ ಬೆಳೆಯುತ್ತದೆ. ಹೆಮ್‌ಲಾಕ್‌ಗಾದರೆ ಕೆಟ್ಟ ವಾಸನೆ ಇದೆ, ಮಚ್ಚೆ ಇದೆ. ಇದಕ್ಕೆ ಅದೂ ಇಲ್ಲ. ಕಾಂಡ ಹಸಿರು, ಗೀರು ಗೀರು, ರೋಮ ಇಲ್ಲ. ಎಲೆ ಥೇಟ್ ಕೊತ್ತಂಬರಿ ಸೊಪ್ಪು! ನಾನು ಸುಮ್ನೆ ಹೇಳುತ್ತಿಲ್ಲ. ಸಂತೆಯ ಕಟ್ಟಿನ ನಡುವೆ ನಾಲ್ಕು ಎಲೆ ಸೇರಿಸಿದರೆ ಅವಸರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ವಾಸನೆಯೂ ಪಾರ್ಸ್ಲಿಯಂತೆ ಹಿತವಾಗಿಯೇ ಇರುತ್ತದೆ. ಅಮ್ಮ ಬಹಳ ಹೊತ್ತು ನೋಡಿ, "ಇದನ್ನು ನಾನು ಕುಯ್ದುಬಿಡ್ತಿದ್ದೆ" ಅಂದರು. ನಾನದನ್ನು ಮೇಡಂಗೆ ಹೇಳಿದೆ. ಅವರು ಅಮ್ಮನ ಕೈ ಹಿಡಿದುಕೊಂಡು, ಅದಕ್ಕೇ ನಿಮ್ಮನ್ನು ಇಲ್ಲಿಯವರೆಗೆ ನಡೆಸಿಕೊಂಡು ಬಂದೆ ಅಂದರು.

ಅದರ ಬೇರು ನೀರು ಕೊರೆದ ದಂಡೆಯಲ್ಲಿ ಹೊರಗೆ ಬಂದಿತ್ತು. ಬಿಳಿ, ದಪ್ಪ, ಗೊಂಚಲು ಗೊಂಚಲು ಗೆಡ್ಡೆ. ಇಲ್ಲಿಯವರು ಅದಕ್ಕೆ ಸತ್ತವನ ಬೆರಳು ಅನ್ನುತ್ತಾರೆ. ಕತ್ತರಿಸಿದರೆ ಬರುವ ರಸ ಗಾಳಿಗೆ ಹಳದಿಯಾಗುತ್ತದೆ. ವಿಷ ಬೇರಿನಲ್ಲೇ ಜಾಸ್ತಿ, ತಿಂದವರಿಗೆ ಫಿಟ್ಸ್ ಬಂದಂತೆ ಸೆಳೆತ ಬರುತ್ತದೆ. ಚರಂಡಿ ತೋಡಿದಾಗ ಮೇಲೆ ಬಿದ್ದ ಬೇರು ತಿಂದು ದನಗಳು ಸಾಯುವುದುಂಟು. ಸ್ಕಾಟ್ಲೆಂಡಿನ ಅರ್ಗೈಲ್‌ನಲ್ಲಿ ರಜೆಗೆ ಹೋಗಿದ್ದ ಎಂಟು ಮಂದಿ ಯುವಕರು ಹಳ್ಳದಿಂದ ಈ ಬೇರು ಕಿತ್ತು, ಯಾವುದೋ ತಿನ್ನುವ ಗೆಡ್ಡೆ ಅಂದುಕೊಂಡು, ಮಸಾಲೆ ಸಾರಿನಂಥ ಕರಿ ಮಾಡಿ ತಿಂದದ್ದು 2002ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಕರಿ! ಅದನ್ನು ಕೇಳಿ ಅಮ್ಮ ಹಳ್ಳದ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ಬಂದರು.

ಇಷ್ಟು ಮುಖ್ಯವಾದ ಗಿಡಕ್ಕೆ ಸಿಕ್ಕಿದ್ದು ಕಾಲು ಗಂಟೆ. ಇದು ನನ್ನ ದೊಡ್ಡ ತಕರಾರು. ಓಣಿಯಲ್ಲಿ ಪದೇ ಪದೇ ಕಾರಿಗೆ, ಒಂದು ಸಲ ಟ್ರಾಕ್ಟರಿಗೆ ದಾರಿ ಬಿಡಲು ದಿಬ್ಬಕ್ಕೆ ಒರಗಿ ನಿಲ್ಲಬೇಕಾಯಿತು, ಹೊತ್ತು ಹೋಯಿತು. ಹನ್ನೆರಡು ಜನ ಅಂಥ ಓಣಿಗೆ ಜಾಸ್ತಿ. ಎಂಟು ಸಾಕು. ಹಿಂದೆ ನಿಂತವರಿಗೆ ಕೇಳಿಸುತ್ತಿರಲಿಲ್ಲ. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳುವಷ್ಟರಲ್ಲಿ ಮೇಡಂ ಮುಂದಿನ ಮಾತಿಗೆ ಹೋಗಿರುತ್ತಿದ್ದರು. ಕೇಳಿದ ಮೇಲೆ ಕಾಯ್ದರು, ಅದು ಅವರ ಒಳ್ಳೆಯತನ. ಕೊನೆಯಲ್ಲಿ ಕೊಟ್ಟ ಎರಡು ಪುಟದ ಹಾಳೆಯಲ್ಲಿ ಹೂವಿನ ಬಣ್ಣದ ಚಿತ್ರಗಳಿವೆ, ಹಣ್ಣಿನ ಚಿತ್ರ ಒಂದೂ ಇಲ್ಲ. ಬೆಳಿಗ್ಗೆಯಿಂದ ಹೂವು ಮರೆಯಿರಿ ಅಂದವರು ಕೊಡಬೇಕಾದ ಹಾಳೆ ಅದಲ್ಲ. ದಯವಿಟ್ಟು ಬದಲಾಯಿಸಿ.

ನನಗೆ ತುಂಬ ಹಿಡಿಸಿದ್ದು ಒಂದು ವಿಷಯದಲ್ಲಿ ಮೇಡಂ ಅವರ ಹಟ. ಗುಂಪಿನ ಒಬ್ಬರು ಕೌ ಪಾರ್ಸ್ಲಿ ತಿನ್ನಬಹುದಲ್ಲ, ರುಚಿ ನೋಡೋಣ ಅಂದರು. ಅದಕ್ಕೆ ಮೇಡಂ, ಕೆಲವರು ತಿನ್ನುತ್ತಾರೆ ನಿಜ, ಆದರೆ ಒಂದು ಬೆಳಿಗ್ಗೆಯಲ್ಲಿ ನಾನು ಅದನ್ನು ಕಲಿಸುವುದಿಲ್ಲ, ಇವತ್ತು ನೀವು ಕಲಿಯುವುದು ಯಾವುದನ್ನು ಬಿಡಬೇಕು ಅಂತ, ಅಂದರು. ಕಾಡು ಸೊಪ್ಪು ಕಿತ್ತು ತಿನ್ನುವುದು ಈಗ ಇಲ್ಲಿ ಫ್ಯಾಶನ್ ಆಗಿದೆ. ರುಚಿ ತೋರಿಸುವ ನಡಿಗೆಗಳಿಗೆ ಜನ ಜಾಸ್ತಿ ದುಡ್ಡು ಕೊಡುತ್ತಾರೆ. ಹಾಗಿದ್ದೂ ಈ ಮಾತಿಗೆ ನಿಂತದ್ದಕ್ಕೆ ನನಗೆ ಅವರ ಮೇಲೆ ಗೌರವ. ಅಮ್ಮನಿಗೂ ಇದು ಸರಿ ಅನ್ನಿಸಿತು. ನಮ್ಮಜ್ಜಿ ಅಣಬೆ ತೋರಿಸಿಕೊಟ್ಟದ್ದೂ ಹಾಗೇ, ಮೊದಲು ಎಷ್ಟೋ ಮಳೆಗಾಲ ಬರೀ ಬಿಡುವುದನ್ನೇ ಕಲಿಸಿದ್ದರು ಅಂತ ದಾರಿಯಲ್ಲಿ ಹೇಳಿದರು. ಗಿಡ ಬೇರು ಸಮೇತ ಕೀಳುವುದು ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು ಅನ್ನುವುದನ್ನೂ ಮೇಡಂ ಹೇಳಿದರು. ಊರಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ, ಹೇಳಿಡಿ.

ಮನೆಗೆ ಬಂದ ಮೇಲೆ ಅಮ್ಮ ಮಸಾಲೆ ಡಬ್ಬಿ ತೆಗೆದು ಕೂತರು. ಭೂತಗನ್ನಡಿ ವಾಪಸ್ ಕೊಡಬೇಕಿತ್ತು, ಹಾಗಾಗಿ ಅಂಥದ್ದೇ ಒಂದನ್ನು ಹದಿನೈದು ಪೌಂಡಿಗೆ ಕೊಂಡೆವು. ಕೊಳ್ಳುವವರು ಹತ್ತು ಪಟ್ಟಿನದೇ ಕೊಳ್ಳಿ. ಇಪ್ಪತ್ತು ಪಟ್ಟು ಅಂತ ಕಡಿಮೆ ಬೆಲೆಗೆ ಸಿಗುವುದರಲ್ಲಿ ನೋಟ ತೀರ ಕಿರಿದು, ಬಯಲಲ್ಲಿ ಹಿಡಿಯಲು ಕಷ್ಟ.

ಈಗ ಓಣಿಯಲ್ಲಿ ಹೋಗುವಾಗ ಅಮ್ಮ ಏಳು ವರ್ಷದ ಮೊಮ್ಮಗನನ್ನು ನಿಲ್ಲಿಸಿ, "ಮುಟ್ಟಬೇಡ ಪುಟ್ಟ, ಕಾಂಡ ನೋಡು, ರೋಮ ಇದೆಯಾ, ಚುಕ್ಕೆ ಇದೆಯಾ?" ಅಂತ ಕೇಳುತ್ತಾರೆ. ಅವನು ಬಗ್ಗಿ ನೋಡಿ ಹೇಳುತ್ತಾನೆ. ಹಿತ್ತಿಲಿನ ಹೂಕುಂಡದಲ್ಲಿ ಎದ್ದ ಒಂದು ಸಣ್ಣ ಗಿಡಕ್ಕೆ ಮರಿ ಕೊಡೆಗಳ ಕೆಳಗೆ ಗಡ್ಡದ ಹಾಗೆ ಉದ್ದ ಎಲೆ ಜೋತಾಡುತ್ತಿದ್ದದ್ದನ್ನು ಅಮ್ಮನೇ ಕಂಡು ನನ್ನನ್ನು ಕರೆದರು. ಫೂಲ್ಸ್ ಪಾರ್ಸ್ಲಿ, ಅದೂ ವಿಷ. ಪಕ್ಕದ ಕುಂಡದಲ್ಲೇ ನಾವು ಕೊತ್ತಂಬರಿ ಹಾಕಿದ್ದೆವು.

ಹೋಗುವವರಿಗೆ ಒಂದೆರಡು ಮಾತು. ಕಾರಿಲ್ಲದವರು ಬಸ್ಸಿನ ಹೊತ್ತು ಮೊದಲೇ ನೋಡಿಕೊಳ್ಳಿ, ಭಾನುವಾರ ಬಸ್ಸು ಕಡಿಮೆ. ಸಭಾಭವನ ಬಿಟ್ಟ ಮೇಲೆ ಶೌಚಾಲಯ ಇಲ್ಲ, ವಯಸ್ಸಾದವರಿಗೆ ಹೇಳಿ. ಹಳ್ಳದ ದಂಡೆ ಜಾರುತ್ತದೆ, ಚಪ್ಪಲಿ ಬೇಡ, ಬೂಟು ಹಾಕಿಸಿ. ತುಂಬುತೋಳಿನ ಬಟ್ಟೆ ಇರಲಿ. ಸೀರೆ ಉಡುವವರು ಆ ದಿನ ಬೇರೆ ಏನಾದರೂ ಹಾಕಿಕೊಂಡರೆ ಒಳ್ಳೆಯದು, ದಿಬ್ಬದ ಮುಳ್ಳು ಸೆರಗಿಗೆ ಸಿಕ್ಕಿಕೊಳ್ಳುತ್ತದೆ. ಅಕಸ್ಮಾತ್ ಯಾರಾದರೂ ಏನಾದರೂ ತಿಂದುಬಿಟ್ಟರೆ ಲಕ್ಷಣಕ್ಕೆ ಕಾಯದೆ ಇಲ್ಲಿಯ ತುರ್ತು ನಂಬರು 999ಕ್ಕೆ ಫೋನು ಮಾಡಿ, ಗಿಡದ ತುಂಡನ್ನು ಚೀಲಕ್ಕೆ ಹಾಕಿ ಜೊತೆಗೇ ಒಯ್ಯಿರಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಹಳ್ಳದ ಹತ್ತಿರ ಆದ ಅವಸರಕ್ಕೆ ಮತ್ತು ಆ ಹಾಳೆಗೆ. ಹೆಡ್ಜ್ ಪಾರ್ಸ್ಲಿ ಮತ್ತು ಕಾಡು ಕ್ಯಾರೆಟ್ ಹೂವು ಬಿಡುವ ಜುಲೈ ಕೊನೆಗೆ ಇನ್ನೊಂದು ನಡಿಗೆ ಇದೆಯಂತೆ. ಕಾಡು ಕ್ಯಾರೆಟ್‌ನ ಬಿಳಿ ಕೊಡೆಯ ನಟ್ಟನಡುವೆ ಹಲವು ಸಲ ಒಂದೇ ಒಂದು ಕಡುಗೆಂಪು ಹೂವು ಇರುತ್ತದಂತೆ, ಅದನ್ನು ನೋಡದೆ ಊರಿಗೆ ಹೋಗುವುದಿಲ್ಲ ಅಂತ ಅಮ್ಮ ಹೇಳಿದ್ದಾರೆ. ಅವರ ವಾಪಸ್ ಟಿಕೆಟ್ ಆಗಸ್ಟ್‌ನಲ್ಲಿ. ಇಬ್ಬರಿಗೂ ಜಾಗ ಕಾದಿರಿಸಿದ್ದೇನೆ.